ಜಿಮ್ ಬೇಡ, ಮೊಣಕಾಲು ಬಗ್ಗಿಸಿ

ಪ್ರಶ್ನೆ: ಮೇಡಂ, ನಾನು ವೈಟ್‌ಫೀಲ್ಡ್‌ನಲ್ಲಿರುವ ಸಾಫ್ಟ್‌ವೇರ್ ಉದ್ಯೋಗಿ. ವಯಸ್ಸು 36, ತೂಕ 82 ಕೆಜಿ. ಕಳೆದ ವರ್ಷ ಗೋವಾದಲ್ಲಿ ಮೂರು ದಿನ, ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ನೀರಲ್ಲಿ ಸಾಗುವ ವಿಂಡ್‌ಸರ್ಫಿಂಗ್ ಕಲಿತೆ. ಆಮೇಲೆ ನಾಲ್ಕು ಸಲ ಹೋಗಿ ಬಂದೆ. ಇನ್ನೂ ಸೇಲ್ (ಹಾಯಿ) ನೀರಿನಿಂದ ಎತ್ತುವಷ್ಟರಲ್ಲೇ ಸುಸ್ತಾಗುತ್ತದೆ. ಎತ್ತಿದ ಮೇಲೆ ಹತ್ತು ಸೆಕೆಂಡ್ ಹೋಗುತ್ತೇನೆ, ಮುಂದಕ್ಕೆ ಮುಗ್ಗರಿಸುತ್ತೇನೆ. ಮಾರನೇ ದಿನ ಸೊಂಟ, ಮುಂಗೈ ಎರಡೂ ಹಿಡಿದುಕೊಂಡಿರುತ್ತವೆ. ಹೊರಟ ಜಾಗಕ್ಕೆ ಒಂದು ಸಲವೂ ಸವಾರಿ ಮಾಡಿಕೊಂಡು ವಾಪಸ್ ಬಂದಿಲ್ಲ, ಬೋರ್ಡ್ ಎಳೆದುಕೊಂಡು ದಡದಲ್ಲಿ ನಡೆದು ಬರುವುದೇ ಆಗಿದೆ. ಜಿಮ್‌ಗೆ ಸೇರಿ ತೋಳು ಗಟ್ಟಿ ಮಾಡಿಕೊಳ್ಳಲಾ? ಬೆಂಗಳೂರಿನಲ್ಲೇ ಇದ್ದು ಅಭ್ಯಾಸ ಮಾಡಲು ದಾರಿ ಇದೆಯಾ? ಸ್ವಂತ ಬೋರ್ಡ್ ತಗೊಂಡರೆ ಬೇಗ ಬರುತ್ತಾ? ವಿಡಿಯೋ ಒಂದು ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ಜಿಮ್ ಬೇಡ. ಆರೋಗ್ಯಕ್ಕೆ ಅಂತ ಸೇರುವುದಾದರೆ ಸೇರಿ, ಆದರೆ ಈ ಕಾರಣಕ್ಕೆ ದುಡ್ಡು ಕಟ್ಟಬೇಡಿ. ನನ್ನ ತೂಕ 56 ಕೆಜಿ, ವಯಸ್ಸು ಐವತ್ತು ದಾಟಿದೆ, ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆಯಲು ಇವತ್ತಿಗೂ ಮಗನನ್ನು ಕರೆಯುತ್ತೇನೆ. ಹಾಗಿದ್ದೂ ನೀವು ಒದ್ದಾಡುತ್ತಿರುವ ಅಳತೆಯ ಸೇಲನ್ನೇ ಎತ್ತಿಕೊಂಡು ಒಂದು ಗಂಟೆ ನೀರಿನ ಮೇಲೆ ಇರುತ್ತೇನೆ. ನಿಮ್ಮ ತೋಳಲ್ಲಿ ಶಕ್ತಿ ಕಡಿಮೆಯಾಗಿಲ್ಲ. ತೋಳಿಗೆ ಸಂಬಂಧವೇ ಇಲ್ಲದ ಕೆಲಸವನ್ನು ತೋಳಿನ ತಲೆಗೆ ಕಟ್ಟಿದ್ದೀರಿ, ಅಷ್ಟೇ.

ವಿಡಿಯೋ 47 ಸೆಕೆಂಡ್ ಇದೆ. ನಾಲ್ಕು ಸಲ ನೋಡಿದೆ, ಒಂದು ಸಲ ಸೌಂಡ್ ಆಫ್ ಮಾಡಿ, ಯಾಕೆಂದರೆ ಶೂಟ್ ಮಾಡಿದವರ ನಗು ಸ್ವಲ್ಪ ಜೋರಾಗಿತ್ತು. ಬಿದ್ದದ್ದು 27ನೇ ಸೆಕೆಂಡಿಗೆ. ಆದರೆ ಮೊದಲ ತಪ್ಪು ಆಗಿರುವುದು ವಿಡಿಯೋ ಶುರುವಾಗುವ ಮೊದಲೇ, ದಡದ ಮೇಲೆ.

ಹಿಂದೆ ಒಂದು ಶ್ಯಾಕ್ ಕಾಣುತ್ತದೆ, ಅದರ ಮೇಲೆ ಬಾವುಟ ಪೂರ್ತಿ ಚಾಚಿಕೊಂಡು ಪಟಪಟ ಬಡಿದುಕೊಳ್ಳುತ್ತಿದೆ. ನೀರಿನ ಮೇಲೆ ಎಲ್ಲಿ ನೋಡಿದರೂ ಬಿಳಿ ನೊರೆ. ಅಂದರೆ ಗಾಳಿ 12-14 ನಾಟ್ ಆದರೂ ಇದೆ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್, ಹಾಗಾಗಿ ಗಂಟೆಗೆ 25 ಕಿಲೋಮೀಟರ್ ಆಸುಪಾಸು ಅಂತ ಇಟ್ಟುಕೊಳ್ಳಿ. ಹೆದ್ದಾರಿಯಲ್ಲಿ ಬೈಕ್ ಓಡಿಸುವವರಿಗೆ ಇದೇನು ದೊಡ್ಡ ವೇಗ ಅನಿಸಬಹುದು. ಗಾಳಿಯ ಲೆಕ್ಕ ಹಾಗಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದು ಸೇಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. 8 ನಾಟ್‌ನಲ್ಲಿ ಕಲಿತವರು 14 ನಾಟ್‌ನಲ್ಲಿ ಅದೇ ಸೇಲ್ ಹಿಡಿದು ನಿಂತರೆ ಸುಮಾರು ಮೂರು ಪಟ್ಟು ಎಳೆತ. ನಿಮ್ಮ ಕೈಯಲ್ಲಿರುವುದು 6.5 ಚದರ ಮೀಟರ್ ಸೇಲ್ ಅಂತ ಅದರ ಮೇಲಿನ ನಂಬರ್ ಹೇಳುತ್ತದೆ. ಆ ಗಾಳಿಗೆ, ನಿಮ್ಮ ಹಂತಕ್ಕೆ, 4.5ರಿಂದ 5.5 ಸಾಕಿತ್ತು. ಬಾಡಿಗೆ ಕೊಡುವವರು ಏನು ಕೈಗೆ ಸಿಕ್ಕಿತೋ ಅದನ್ನು ಕೊಟ್ಟಿದ್ದಾರೆ. ನೀವೂ ಕೇಳಲಿಲ್ಲ.

ಬೋರ್ಡ್ ಕೂಡ ಚಿಕ್ಕದು. ಕಲಿಯುವವರ ಬೋರ್ಡಿಗೆ ಒಂದು ಒರಟು ಲೆಕ್ಕ ಇದೆ: ಮೈತೂಕಕ್ಕೆ ನೂರು ಸೇರಿಸಿ, ಅಷ್ಟು ಲೀಟರ್ ಗಾತ್ರ ಕನಿಷ್ಠ ಬೇಕು. ನಿಮಗೆ 180 ಲೀಟರ್ ದಾಟಿರಬೇಕು, 200 ಇದ್ದರೆ ಇನ್ನೂ ಒಳ್ಳೆಯದು. ವಿಡಿಯೋದಲ್ಲಿ ನೀವು ನಿಂತ ತಕ್ಷಣ ಬೋರ್ಡಿನ ಹಿಂಭಾಗ ನೀರೊಳಗೆ ಇಳಿಯುವುದು ನೋಡಿದರೆ ಅದು 150ರ ಆಚೆಗಿಲ್ಲ. ದೊಡ್ಡ ಬೋರ್ಡ್ ಕೇಳಲು ನಾಚಿಕೆ ಬೇಡ. ಚಿಕ್ಕ ಬೋರ್ಡ್ ನೋಡಲು ಸ್ಟೈಲಾಗಿರುತ್ತದೆ ನಿಜ, ಅದರ ಮೇಲೆ ನಿಂತವರು ಸ್ಟೈಲಾಗಿ ಕಾಣುವುದಿಲ್ಲ.

ಈಗ ಸೇಲ್ ಎತ್ತುವ ವಿಷಯ. ಸೊಂಟ ನೋವಿನ ಮೂಲ ಇಲ್ಲೇ ಇರುವುದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೊದಲ 14 ಸೆಕೆಂಡ್ ನೀವು ಮಾಡಿರುವುದು ಇಷ್ಟು: ಮೊಣಕಾಲು ನೆಟ್ಟಗೆ, ಸೊಂಟ ಬಗ್ಗಿದೆ, ತಲೆ ಕೆಳಗೆ, ಎರಡೂ ತೋಳು ಮಡಚಿ ಸೇಲ್ ಎತ್ತುವ ಹಗ್ಗವನ್ನು ಎದೆಯ ಕಡೆಗೆ ಜಗ್ಗುತ್ತಿದ್ದೀರಿ. ಗ್ಯಾಸ್ ಸಿಲಿಂಡರನ್ನು ಹಾಗೆ ಎತ್ತಿದರೆ ಮನೆಯಲ್ಲಿ ಬೈಯುತ್ತಾರೆ ಅಲ್ವಾ?

ತುಮಕೂರು ಕಡೆಯ ನಮ್ಮೂರಿನಲ್ಲಿ ಅಜ್ಜಿ ಬಾವಿಯಿಂದ ನೀರು ಸೇದುತ್ತಿದ್ದರು. ರಾಟೆ ಕಿರುಗುಟ್ಟುವ ಹಳೇ ಬಾವಿ. ಅಜ್ಜಿಯ ಬೆನ್ನು ಎಂದೂ ಬಗ್ಗುತ್ತಿರಲಿಲ್ಲ. ಒಂದು ಕಾಲು ಕಟ್ಟೆಗೆ ಕೊಟ್ಟು, ಮೊಣಕಾಲು ಸ್ವಲ್ಪ ಮಡಚಿ, ಮೈಯನ್ನು ಹಿಂದಕ್ಕೆ ವಾಲಿಸಿದರೆ ಹಗ್ಗ ತಾನಾಗಿ ಬರುತ್ತಿತ್ತು. ಕೈ ಬರೀ ಕೊಕ್ಕೆ ಇದ್ದ ಹಾಗೆ. ನೀವೂ ಹಾಗೇ ಮಾಡಿ. ಗಾಳಿ ಬೆನ್ನಿಗೆ ಬಡಿಯುವಂತೆ ನಿಲ್ಲಿ, ಸೇಲ್ ನಿಮ್ಮ ಮುಂದೆ ನೀರಿನ ಮೇಲೆ ಬಿದ್ದಿರಲಿ, ಮಾಸ್ಟ್, ಅಂದರೆ ಸೇಲ್ ಕಟ್ಟಿರುವ ಕಂಬ, ಬೋರ್ಡಿಗೆ ಅಡ್ಡಲಾಗಿ ಇರಲಿ. ಪಾದಗಳು ಮಾಸ್ಟಿನ ಬುಡದ ಆಚೆ ಒಂದು ಈಚೆ ಒಂದು, ಬೋರ್ಡಿನ ನಡುಗೆರೆಯ ಮೇಲೆ. ಹಗ್ಗ ಹಿಡಿದು ತೋಳು ಪೂರ್ತಿ ಚಾಚಿ, ಮೊಣಕಾಲು ಮಡಚಿ ಹಿಂದಕ್ಕೆ ವಾಲಿ. ಈಗ ಸುಮ್ನೆ ಕಾಯಿರಿ. ಎಳೆಯಬೇಡಿ. ಸೇಲಿನ ಮೇಲೆ ನಿಂತ ನೀರು ಜಾರಿ ಹೋಗಲು ನಾಲ್ಕೈದು ಸೆಕೆಂಡ್ ಬೇಕು. ಬಾವಿಯ ಕೊಡ ನೀರೊಳಗೆ ಇರುವವರೆಗೆ ಹಗುರ, ಹೊರಗೆ ಬಂದ ಮೇಲೆ ಭಾರ. ಸೇಲ್ ಇದಕ್ಕೆ ಪೂರ್ತಿ ಉಲ್ಟಾ, ನೀರಲ್ಲಿದ್ದಾಗ ಭಾರ, ನೀರು ಜಾರಿದ ಮೇಲೆ ಹಗುರ. ಇದು ಗೊತ್ತಿಲ್ಲದೆ ಕೊನೆಯವರೆಗೂ ಅದೇ ಜೋರಿನಲ್ಲಿ ಎಳೆದವರು ಸೇಲ್ ಮೇಲೆದ್ದ ಕೂಡಲೇ ಹಿಂದಕ್ಕೆ ಬೀಳುತ್ತಾರೆ. ನೀವು 15ನೇ ಸೆಕೆಂಡಿಗೆ ತಪ್ಪಿಸಿಕೊಂಡಿರಿ, ಸ್ವಲ್ಪದರಲ್ಲಿ. ನೀರು ಜಾರಿತು ಅನಿಸಿದಾಗ ಕಾಲು ನೆಟ್ಟಗೆ ಮಾಡುತ್ತಾ ಬನ್ನಿ, ಹಗ್ಗದ ಮೇಲೆ ಒಂದೊಂದೇ ಕೈ ಮೇಲಕ್ಕೆ ಸರಿಸಿ. ತೊಡೆಗೆ ಕೆಲಸ, ಬೆನ್ನಿಗೆ ರಜೆ.

ಮೇಲೆದ್ದ ಮೇಲೆ ಎಲ್ಲರಿಗೂ ಒಂದು ಅವಸರ. ಎತ್ತಿದ್ದೇ ದೊಡ್ಡದು, ಮತ್ತೆ ಬೀಳುವ ಮೊದಲು ಹೊರಟುಬಿಡೋಣ ಅಂತ. ನೀವೂ 19ನೇ ಸೆಕೆಂಡಿಗೆ ಎರಡೂ ಕೈಯಿಂದ ಒಟ್ಟಿಗೆ ಬೂಮ್, ಅಂದರೆ ಸೇಲಿನ ಅಡ್ಡ ಹಿಡಿಕೋಲು, ಹಿಡಿದಿದ್ದೀರಿ. ಅಲ್ಲೇ ಆಟ ಮುಗಿಯಿತು, ಉಳಿದ ಎಂಟು ಸೆಕೆಂಡ್ ಬರೀ ಔಪಚಾರಿಕ. ಸೇಲ್ ನೀರಿನಿಂದ ಪೂರ್ತಿ ಬಿಡಿಸಿಕೊಂಡು, ನಿಮ್ಮ ಮುಂದೆ ಬಾವುಟದ ಹಾಗೆ ಸಡಿಲವಾಗಿ ಆಡುತ್ತಿರುವಾಗ ಅದರಲ್ಲಿ ಬಲವೇ ಇರುವುದಿಲ್ಲ. ಅಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಉಸಿರು ತಗೊಳ್ಳಿ. ಎಲ್ಲಿಗೆ ಹೋಗಬೇಕು ಅಂತ ನೋಡಿ. ನಾನು ಹೊಸಬರಿಗೆ ಅಲ್ಲಿ ನಿಂತು ಹತ್ತು ಎಣಿಸಲು ಹೇಳುತ್ತೇನೆ. ಏಳರ ಆಚೆಗೆ ಎಣಿಸಿದವರನ್ನು ಕಂಡದ್ದು ಕಡಿಮೆ.

ಹೊರಡುವ ಕ್ರಮ ಹೀಗಿದೆ, ಓದುವಾಗ ಎದ್ದು ನಿಂತು ಒಂದು ಸಲ ಮಾಡಿ ನೋಡಿದರೆ ಒಳ್ಳೆಯದು. ಮುಂದಿನ ಪಾದ ಮಾಸ್ಟಿನ ಬುಡದ ಪಕ್ಕ, ಬೆರಳು ಬೋರ್ಡಿನ ಮೂಗಿನ, ಅಂದರೆ ಮುಂತುದಿಯ, ಕಡೆಗೆ. ಹಿಂದಿನ ಪಾದ ಭುಜದ ಅಗಲದಷ್ಟು ಹಿಂದೆ, ನಡುಗೆರೆಯ ಮೇಲೆ ಅಡ್ಡಲಾಗಿ. ಮುಂದಿನ ಕೈಯಿಂದ ಮಾಸ್ಟನ್ನು ನಿಮ್ಮ ಎದೆಯ ಮುಂದೆ ಹಾಯಿಸಿ, ಗಾಳಿ ಬರುವ ಕಡೆಗೆ ತನ್ನಿ. ಎಷ್ಟು ತರಬೇಕು? ಸೇಲಿನ ಪಾರದರ್ಶಕ ಕಿಟಕಿಯಲ್ಲಿ ಬೋರ್ಡಿನ ಮೂಗು ಕಾಣುವಷ್ಟು, ಮಾಸ್ಟ್ ಒಂದೇ ಬೆರಳಲ್ಲಿ ನಿಲ್ಲುವಷ್ಟು ಹಗುರ ಆಗುವವರೆಗೆ. ಆಮೇಲೆ ಮಾತ್ರ ಹಿಂದಿನ ಕೈ ಬೂಮಿನ ಮೇಲೆ. ಆಮೇಲೆ ಭುಜವನ್ನು ಬೋರ್ಡಿನ ಮೂಗಿನ ಕಡೆಗೆ ತಿರುಗಿಸುತ್ತಾ ಹಿಂದಿನ ಕೈಯನ್ನು ನಿಧಾನವಾಗಿ ಒಳಗೆ ತನ್ನಿ, ಬಾಗಿಲು ಮುಚ್ಚುವ ಹಾಗೆ. ಮಗು ಮಲಗಿರುವ ಕೋಣೆಯ ಬಾಗಿಲು. ಮಾಸ್ಟನ್ನು ಈಚೆ ತರದೆ ಹಿಂದಿನ ಕೈ ಎಳೆದರೆ ಸೇಲ್ ಗಾಳಿ ತುಂಬಿಕೊಂಡು ನಿಮ್ಮನ್ನು ಮುಂದಕ್ಕೆ ಮಕಾಡೆ ಕೆಡವುತ್ತದೆ. ನಿಮ್ಮ ಹತ್ತು ಸೆಕೆಂಡಿನ ಸವಾರಿಗಳೆಲ್ಲ ಹೀಗೇ ಮುಗಿದಿರುತ್ತವೆ ಅಂತ ವಿಡಿಯೋ ನೋಡದಿದ್ದರೂ ಹೇಳುತ್ತಿದ್ದೆ.

22ನೇ ಸೆಕೆಂಡ್: ಕಣ್ಣು ಪಾದದ ಮೇಲೆ. ಪಾದ ಎಲ್ಲಿಗೂ ಓಡಿ ಹೋಗುವುದಿಲ್ಲ, ಬಿಡಿ. ತಲೆ ಬಗ್ಗಿದರೆ ಅದರ ಹಿಂದೆ ಭುಜ ಬಗ್ಗುತ್ತದೆ, ಭುಜದ ಹಿಂದೆ ಸೊಂಟ. ನೋಟ ಹೋಗಬೇಕಾದ ಕಡೆಗೆ, ದಡದ ಮೇಲಿನ ಒಂದು ಮರಕ್ಕೋ ಮನೆಗೋ ನೆಟ್ಟಿರಲಿ.

ಮುಂಗೈ ನೋವಿನ ಕಾರಣ ಹಿಡಿತ. ಸ್ಕೂಟರ್ ಕಲಿಯಲು ಹೊರಟವರು ಮೊದಲ ದಿನ ಹ್ಯಾಂಡಲನ್ನು ಹೇಗೆ ಹಿಡಿಯುತ್ತಾರೆ, ಬೆರಳ ಗೆಣ್ಣು ಬೆಳ್ಳಗಾಗಿರುತ್ತದೆ, ಹಾಗೆ ನೀವು ಬೂಮ್ ಹಿಡಿದಿದ್ದೀರಿ. ಇದಕ್ಕೆ ಹೆದರಿಕೆ ಬಿಟ್ಟರೆ ಬೇರೆ ಕಾರಣ ಇಲ್ಲ. ಬೆರಳುಗಳನ್ನು ಕೊಕ್ಕೆಯ ಹಾಗೆ ಬೂಮಿಗೆ ನೇತು ಹಾಕಿ, ಹೆಬ್ಬೆರಳನ್ನೂ ಉಳಿದ ಬೆರಳುಗಳ ಜೊತೆಗೇ ಮೇಲಿಟ್ಟು ನೋಡಿ. ತೋಳು ನೇರ ಇರಲಿ. ಮಡಚಿದ ತೋಳಲ್ಲಿ ಸೇಲಿನ ಭಾರ ಹೊರುವುದು ಸ್ನಾಯು. ನೇರ ತೋಳಲ್ಲಿ ಹೊರುವುದು ಮೂಳೆ, ಮತ್ತು ಅದರ ಆ ತುದಿಗೆ ತೂಗುತ್ತಿರುವ ನಿಮ್ಮ 82 ಕೆಜಿ. ಇಷ್ಟು ಭಾರ ಪುಕ್ಕಟೆ ಸಿಗುವಾಗ ಬೈಸೆಪ್ಸ್ ಯಾಕೆ ಖರ್ಚು ಮಾಡುತ್ತೀರಿ? ಮಧ್ಯೆ ಮಧ್ಯೆ ಒಂದೊಂದು ಕೈಯ ಬೆರಳು ಪಿಯಾನೋ ನುಡಿಸುವ ಹಾಗೆ ಆಡಿಸಿ. ಆಡಿಸಲು ಆಗದಿದ್ದರೆ ಹಿಡಿತ ಜಾಸ್ತಿಯಾಗಿದೆ ಅಂತ ತಿಳಿಯಿರಿ.

ಇನ್ನು 24ನೇ ಸೆಕೆಂಡ್. ಗಾಳಿಯ ಒಂದು ಹೊಡೆತ ಬಂತು, ನೀವು ಹಿಂಭಾಗವನ್ನು ಹಿಂದಕ್ಕೆ ತಳ್ಳಿ ಸೊಂಟದಲ್ಲಿ ಮಡಚಿಕೊಂಡಿರಿ. ಭಾರ ಹಿಂದಕ್ಕೆ ಹೋಯಿತು ಅಂತ ನಿಮಗೆ ಅನಿಸುತ್ತದೆ, ಆದರೆ ತಲೆ ಮತ್ತು ಎದೆ ಮುಂದಕ್ಕೆ ಹೋಗಿವೆ, ಸೇಲಿನ ಕಡೆಗೆ. ಅದಕ್ಕೇ ಅದು ಸುಲಭವಾಗಿ ಎಳೆದುಕೊಂಡಿತು. ಬಿಎಂಟಿಸಿ ಬಸ್ಸಿನ ಕಂಡಕ್ಟರನ್ನು ಗಮನಿಸಿ ನೋಡಿದ್ದೀರಾ? ಒಂದು ಕೈಯಲ್ಲಿ ಟಿಕೆಟ್, ಇನ್ನೊಂದರಲ್ಲಿ ಚಿಲ್ಲರೆ, ಯಾವ ಕಂಬವನ್ನೂ ಹಿಡಿದಿಲ್ಲ. ಡ್ರೈವರ್ ಬ್ರೇಕ್ ಹಾಕಿದಾಗ ಸೊಂಟ ಬಗ್ಗುವುದಿಲ್ಲ. ಮೊಣಕಾಲು ಒಂದಿಷ್ಟು ಇಳಿಯುತ್ತದೆ, ಮೈ ಪೂರ್ತಿ ಒಂದೇ ಕಡ್ಡಿಯ ಹಾಗೆ ಹಿಂದಕ್ಕೆ ವಾಲುತ್ತದೆ, ಅಷ್ಟರಲ್ಲಿ ನಾವೆಲ್ಲ ಪಕ್ಕದವರ ಕಾಲು ತುಳಿದಿರುತ್ತೇವೆ. ಬೋರ್ಡಿನ ಮೇಲೂ ಅದೇ. ಹೊಡೆತ ಬಂದಾಗ ಮೊಣಕಾಲು ಇಳಿಸಿ, ತೋಳು ನೇರ ಇಟ್ಟು ಕೆಳಗೆ ಹೋಗಿ. ಅದಕ್ಕೂ ಮೀರಿದರೆ ಹಿಂದಿನ ಕೈಯನ್ನು ಒಂದು ಗೇಣು ಹೊರಗೆ ಬಿಡಿ, ಸೇಲಿನ ಗಾಳಿ ಸೋರಿ ಹೋಗುತ್ತದೆ. ಹಿಂದಿನ ಕೈ ಆಕ್ಸಿಲರೇಟರ್ ಅಂದುಕೊಳ್ಳಿ. ಹೆಚ್ಚಿನವರು ಹೆದರಿದ ಕೂಡಲೇ ಅದನ್ನೇ ಇನ್ನೂ ಒಳಗೆ ಎಳೆಯುತ್ತಾರೆ, ಮೊದಲ ದಿನ ಸ್ಕೂಟರ್ ಗೋಡೆಗೆ ಹೋಗುವುದೂ ಹೀಗೇ.

ವಾಪಸ್ ಬರಲು ಆಗದಿರುವುದು ನಿಮ್ಮ ದೊಡ್ಡ ದೂರು. ಅದಕ್ಕೆ ಮೊದಲು ಈ ಬೋರ್ಡ್ ತಿರುಗುವುದು ಹೇಗೆ ಅಂತ ಅರ್ಥವಾಗಬೇಕು. ಇದರಲ್ಲಿ ಚುಕ್ಕಾಣಿ ಇಲ್ಲ. ಮಾಸ್ಟಿನ ಬುಡದಲ್ಲಿ ಎಲ್ಲಾ ಕಡೆಗೂ ವಾಲುವ ಒಂದು ಕೀಲು ಇದೆ. ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು ಇಂಥ ಕೀಲಿನ ಮೇಲೆ ನಿಂತ ಹಾಯಿಯ ಬೋರ್ಡಿಗೇ. 1984ರ ಹೊತ್ತಿಗೆ ಆಟ ಒಲಿಂಪಿಕ್ಸ್ ತಲುಪಿತ್ತು. ಮಾಸ್ಟನ್ನು ಹಿಂದಕ್ಕೆ ವಾಲಿಸಿದರೆ ಬೋರ್ಡಿನ ಮೂಗು ಗಾಳಿ ಬರುವ ಕಡೆಗೆ ತಿರುಗುತ್ತದೆ, ಮುಂದಕ್ಕೆ ವಾಲಿಸಿದರೆ ಗಾಳಿಯಿಂದ ಆಚೆಗೆ. ಇಷ್ಟೇ ಸ್ಟಿಯರಿಂಗ್. ಪಾದದಿಂದ ಬೋರ್ಡನ್ನು ತಿರುಚಲು ನೀವು ಮಾಡುತ್ತಿರುವ ಸರ್ಕಸ್ಸು ಈಗಲೇ ಬೇಡ.

ಗಾಳಿ ಬರುವ ದಿಕ್ಕಿಗೆ ನೇರವಾಗಿ ಯಾವ ಹಾಯಿಯೂ ಹೋಗುವುದಿಲ್ಲ. ಎರಡೂ ಬದಿಗೆ ಸುಮಾರು 45 ಡಿಗ್ರಿಯಷ್ಟು ಜಾಗ ನಿಷಿದ್ಧ. ಹಾಗಾಗಿ ಗಾಳಿಯ ಕಡೆಗೆ ಹೋಗಬೇಕೆಂದರೆ ನಂದಿ ಬೆಟ್ಟದ ರಸ್ತೆ ನೆನಪಿಸಿಕೊಳ್ಳಿ, ಅತ್ತಿಂದಿತ್ತ ಸುತ್ತುತ್ತಾ ಹತ್ತಬೇಕು. ಇಲ್ಲಿ ಕಲಿಯುವವರ ದುರಾಸೆ ಒಂದಿದೆ. ಬೇಗ ತಲುಪೋಣ ಅಂತ ಮೂಗನ್ನು ಗಾಳಿಗೆ ತೀರಾ ಹತ್ತಿರ ತಿರುಗಿಸುತ್ತಾರೆ. ಕಡಿದಾದ ಏರಿನಲ್ಲಿ ಟಾಪ್ ಗೇರಿನಲ್ಲಿದ್ದ ಬೈಕ್ ನಿಂತುಬಿಡುವ ಹಾಗೆ ಬೋರ್ಡ್ ನಿಲ್ಲುತ್ತದೆ, ನಿಂತ ಬೋರ್ಡಿನ ಕೆಳಗಿರುವ ಹಲಗೆ ನೀರನ್ನು ಹಿಡಿದು ನಿಲ್ಲಲಾರದು, ಹಾಗಾಗಿ ನಿಮಗೆ ಗೊತ್ತೇ ಆಗದೆ ಪಕ್ಕಕ್ಕೆ ಜಾರುತ್ತಾ ಹೋಗುತ್ತೀರಿ. ಮೊದಲು ಗಾಳಿಗೆ ಅಡ್ಡಲಾಗಿ ಹೋಗಿ ವೇಗ ಹಿಡಿಯಿರಿ. ವೇಗ ಬಂದ ಮೇಲೆ ಮಾಸ್ಟನ್ನು ಸ್ವಲ್ಪ ಸ್ವಲ್ಪ ಹಿಂದಕ್ಕೆ ವಾಲಿಸಿ ಮೇಲೇರಿ. ನಿಧಾನ ಆಯಿತು ಅನಿಸಿದರೆ ಮತ್ತೆ ಅಡ್ಡ.

ಕೆಳಗಿರುವ ಹಲಗೆ ಅಂದೆನಲ್ಲ, ಡ್ಯಾಗರ್‌ಬೋರ್ಡ್, ಅದು ಕೆಳಗೆ ಇಳಿದಿತ್ತಾ? 27ನೇ ಸೆಕೆಂಡಿಗೆ ನೀವು ಬಿದ್ದು ಬೋರ್ಡ್ ಮಗುಚಿದಾಗ ಅದು ಹೊಟ್ಟೆಯೊಳಗೆ ಮಡಚಿಕೊಂಡಿರುವುದು ಚೆನ್ನಾಗಿ ಕಾಣುತ್ತದೆ. ದಡದಲ್ಲಿ ಮರಳಿಗೆ ತಾಗುತ್ತದೆ ಅಂತ ಮೇಲೆತ್ತಿ, ನೀರಿಗೆ ಹೋದ ಮೇಲೆ ಇಳಿಸಲು ಮರೆತಿದ್ದೀರಿ. ನೀವು ವಾಪಸ್ ನಡೆದು ಬಂದ ನಾಲ್ಕು ಸಲದಲ್ಲಿ ಎರಡು ಸಲವಾದರೂ ಇದೊಂದೇ ಕಾರಣ ಇರಬಹುದು ಅಂತ ನನ್ನ ಅನುಮಾನ. ಇನ್ನುಳಿದದ್ದು ಬೀಳುವಿಕೆಯ ಲೆಕ್ಕ. ಬಿದ್ದು, ಹತ್ತಿ, ಸೇಲ್ ಎತ್ತುವ ಪ್ರತಿ ಎರಡು ನಿಮಿಷವೂ ಗಾಳಿ ನಿಮ್ಮನ್ನು ಹಿಂದಕ್ಕೆ ಒಯ್ಯುತ್ತಲೇ ಇರುತ್ತದೆ. ಗುರುತಿಗೆ ಒಂದು ಉಪಾಯ: ದಡದಲ್ಲಿ ಒಂದು ತೆಂಗಿನ ಮರ, ಅದರ ಹಿಂದೆ ದೂರದಲ್ಲಿ ಒಂದು ಮೊಬೈಲ್ ಟವರ್, ಎರಡೂ ಒಂದೇ ಗೆರೆಯಲ್ಲಿ ಕಾಣುವ ಜಾಗದಿಂದ ಹೊರಡಿ. ಐವತ್ತು ಮೀಟರ್ ಹೋಗಿ ತಿರುಗಿ ಬನ್ನಿ. ಎರಡೂ ಮತ್ತೆ ಗೆರೆಗೆ ಬಂದರೆ ನೀವು ಜಾರಿಲ್ಲ. ಬರದಿದ್ದರೆ ದೂರ ಹೋಗುವ ಮಾತೇ ಬೇಡ, ಆ ಐವತ್ತು ಮೀಟರಿನಲ್ಲೇ ಇರಿ.

ತಿರುಗುವಾಗ, ಅಂದರೆ ಟ್ಯಾಕ್ ಮಾಡುವಾಗ, ಜನ ಮಾಸ್ಟಿನಿಂದ ದೂರ ದೊಡ್ಡ ದೊಡ್ಡ ಹೆಜ್ಜೆ ಇಡುತ್ತಾರೆ. ಬೋರ್ಡಿನ ಮೂಗು ಮುಳುಗುತ್ತದೆ, ಅವರೂ. ಮಾಸ್ಟನ್ನು ತಬ್ಬಿಕೊಳ್ಳುವಷ್ಟು ಹತ್ತಿರದಲ್ಲಿ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ, ಮೂಗು ಗಾಳಿಯನ್ನು ದಾಟುವ ಹೊತ್ತಿಗೆ ಸರಕ್ಕನೆ ಆಚೆ ಬದಿಗೆ ಹೋಗಬೇಕು.

ಹಾರ್ನೆಸ್ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂಗೈ ನೋವಿಗೆ ಅದೇ ಮದ್ದು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮದ್ದು ಹೌದು, ಈಗಲ್ಲ. ಸೊಂಟಕ್ಕೆ ಕಟ್ಟಿದ ಕೊಕ್ಕೆಯನ್ನು ಬೂಮಿನ ಹಗ್ಗಕ್ಕೆ ಸಿಕ್ಕಿಸಿಕೊಂಡಾಗ ಗಾಳಿಯ ಹೊಡೆತ ಬಂದು ಹಿಂದಿನ ಕೈ ತೆರೆಯಲು ಮರೆತರೆ ಸೇಲಿನ ಜೊತೆ ನೀವೂ ಮುಂದಕ್ಕೆ ಹಾರುತ್ತೀರಿ. ಐದು ನಿಮಿಷ ಬೀಳದೆ ಹೋಗುವುದು, ಹೊಡೆತ ಬಂದಾಗ ಕೈ ತಾನಾಗಿ ತೆರೆಯುವುದು, ಇವೆರಡೂ ಬಂದ ಮೇಲೆ ಕಟ್ಟಿಕೊಳ್ಳಿ. ಆ ಹಗ್ಗ ಕಟ್ಟುವುದು ಗಾಳಿಪಟಕ್ಕೆ ಸೂತ್ರ ಹಾಕಿದ ಹಾಗೆ. ಚಿಕ್ಕವರಿದ್ದಾಗ ಆಷಾಢದಲ್ಲಿ ಹಾರಿಸಿದ್ದೀರಿ ತಾನೆ? ಸೂತ್ರ ಅರ್ಧ ಇಂಚು ಆಚೀಚೆ ಆದರೆ ಗಾಳಿಪಟ ಗೋತಾ ಹೊಡೆಯುತ್ತದೆ. ಇಲ್ಲಿ ಹಿಂದಿನ ಕೈಗೆ ಎಳೆತ ಜಾಸ್ತಿ ಅನಿಸಿದರೆ ಹಗ್ಗ ಹಿಂದಕ್ಕೆ ಸರಿಸಿ, ಮುಂದಿನ ಕೈಗೆ ಜಾಸ್ತಿ ಅನಿಸಿದರೆ ಮುಂದಕ್ಕೆ. ಫಾಯಿಲ್ ಬೋರ್ಡ್, 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನೀರಿನಿಂದ ಮೇಲೆದ್ದು ಹಾರುತ್ತಿತ್ತಲ್ಲ ಅದು, ಇನ್ನೂ ದೂರದ ಮಾತು.

ಬಾಡಿಗೆಯ ಸೇಲ್ ಹಿಡಿದಾಗ ನೋಡಬೇಕಾದ್ದು ಎರಡು. ಮಾಸ್ಟಿನ ಉದ್ದಕ್ಕೂ ಬಟ್ಟೆ ಬಿಗಿಯಾಗಿದೆಯಾ, ಅಂದರೆ ಬುಡದ ಡೌನ್‌ಹಾಲ್ ಹಗ್ಗ ಸಾಕಷ್ಟು ಎಳೆದಿದ್ದಾರಾ. ಸಡಿಲ ಬಿಟ್ಟರೆ ಸೇಲ್ ಹೊಟ್ಟೆ ಉಬ್ಬಿಸಿಕೊಂಡು, ಹೊಡೆತ ಬಂದಾಗೆಲ್ಲ ಎಳೆತದ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಹಿಂದಿನ ಕೈ ಸೋಲುತ್ತದೆ. ಇನ್ನೊಂದು ಬೂಮಿನ ಎತ್ತರ. ಸೇಲ್ ನೆಟ್ಟಗೆ ನಿಲ್ಲಿಸಿ ಪಕ್ಕ ನಿಂತರೆ ಬೂಮ್ ಭುಜ ಮತ್ತು ಗಲ್ಲದ ನಡುವೆ ಬರಬೇಕು. ನಿಮ್ಮದು ಎದೆಯ ಕೆಳಗಿದೆ. ಬಗ್ಗದೆ ಇನ್ನೇನು ಮಾಡುತ್ತೀರಿ?

ಈಗ ಬೆಂಗಳೂರು. ವರ್ತೂರು, ಬೆಳ್ಳಂದೂರು ಕೆರೆ ಮನೆಗೆ ಹತ್ತಿರ ಅಂತ ಆಸೆ ಪಡಬೇಡಿ, ಅವುಗಳ ನೊರೆಯ ಫೋಟೋ ನೀವೂ ನೋಡಿದ್ದೀರಿ. ಹಲಸೂರು ಕೆರೆಯಲ್ಲಿ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೈನಿಕರ ಹಾಯಿದೋಣಿಗಳು ಆಡುವುದನ್ನು ಒಂದು ಸಂಜೆ ದಡದಲ್ಲಿ ಕೂತು ನೋಡಿ ಬನ್ನಿ. ಕಟ್ಟಡಗಳ ಸಂದಿನಿಂದ ಗಾಳಿ ಹೇಗೆ ತುಂಡು ತುಂಡಾಗಿ ಬರುತ್ತದೆ, ನೀರಿನ ಮೇಲೆ ಕಪ್ಪು ನೆರಳಿನ ಹಾಗೆ ಓಡಿ ಬರುವ ಅಲೆಯ ಗುರುತು ದೋಣಿಗೆ ಬಡಿಯುವ ಮೊದಲೇ ಅವರು ಹೇಗೆ ಮೈ ವಾಲಿಸುತ್ತಾರೆ, ಅದು ದೊಡ್ಡ ಪಾಠ. ಯಾವುದೇ ಕೆರೆಗೆ ಅನುಮತಿ ಇಲ್ಲದೆ ಬೋರ್ಡ್ ಹೊತ್ತುಕೊಂಡು ಇಳಿಯುವಂತಿಲ್ಲ, ಅನುಮತಿ ಸಿಗುವ ಜಾಗದಲ್ಲಿ ಕಲಿಸುವವರು ಇದ್ದಾಗಲೇ ಇಳಿಯಿರಿ. ಜೂನ್, ಜುಲೈನ ಪಡುವಣ ಗಾಳಿ ನಮ್ಮ ಕಡೆ ಚೆನ್ನಾಗಿರುತ್ತದೆ. ಒಂದು ತಮಾಷೆ ಗೊತ್ತಾ, ನಮ್ಮ ಊರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿಯ ಸಾಂದ್ರತೆ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಇಲ್ಲಿ 10 ನಾಟ್‌ಗೆ ಸಿಗುವ ಎಳೆತಕ್ಕಿಂತ ಸಮುದ್ರದ 10 ನಾಟ್ ಜಾಸ್ತಿ ಎಳೆಯುತ್ತದೆ. ಇಲ್ಲಿ ಪಳಗಿ ಅಲ್ಲಿಗೆ ಹೋದವರು ಮೊದಲ ದಿನ ಬೆಚ್ಚಿಬೀಳುವುದಕ್ಕೆ ಇದೂ ಒಂದು ಕಾರಣ.

ನೀರೇ ಬೇಡ ಅನ್ನುವ ಅಭ್ಯಾಸವೂ ಇದೆ. ಟೆರೇಸಿನ ಗಟ್ಟಿ ಕಂಬಕ್ಕೆ ಎದೆ ಎತ್ತರದಲ್ಲಿ ಹಗ್ಗ ಕಟ್ಟಿ, ತುದಿಗೆ ಒಂದು ಅಡ್ಡ ಕೋಲು. ಅದಕ್ಕೆ ಬೆರಳು ಕೊಕ್ಕೆ ಹಾಕಿ, ತೋಳು ನೇರ ಮಾಡಿ, ಮೊಣಕಾಲು ಸಡಿಲ ಬಿಟ್ಟು ಒಂದು ನಿಮಿಷ ತೂಗಿ. ಮುಂಗೈ ಉರಿದರೆ ಹಿಡಿತ ಬಿಗಿಯಾಗಿದೆ. ಆಮೇಲೆ ಚಾಕ್‌ಪೀಸಿನಲ್ಲಿ ಬೋರ್ಡ್ ಬರೆಯಿರಿ, ಉದ್ದ ಎರಡೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ, ಅಗಲ 80-90 ಸೆಂಟಿಮೀಟರ್. ನಡುವೆ ಮಾಸ್ಟ್ ಅಂತ ಪೊರಕೆ ಕೋಲು ಹಿಡಿದು, ಗೆರೆ ದಾಟದೆ, ಕೆಳಗೆ ನೋಡದೆ ಆಚೆ ಬದಿಗೆ ಹೋಗಿ ಬನ್ನಿ. ದಿನಕ್ಕೆ ಇಪ್ಪತ್ತು ಸಲ. ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ ಅದು ನಿಮಗೆ ಬಿಟ್ಟದ್ದು. ಮೆಟ್ರೋದಲ್ಲಿ ಹಿಡಿಕೆ ಹಿಡಿಯದೆ ನಿಲ್ಲುವುದನ್ನು ಮಾತ್ರ ಜನ ಕಡಿಮೆ ಇದ್ದಾಗ ಮಾಡಿ.

ನೀವು ಕೇಳದ, ನಾನು ಹೇಳಲೇಬೇಕಾದ ವಿಷಯ ಇನ್ನೊಂದಿದೆ. "ಗಾಳಿ ಬಂದಾಗ ತೂರಿಕೋ" ಅನ್ನುತ್ತೇವೆ. ಕಣದಲ್ಲಿ ತೂರುವವರು ಮೊರ ಎತ್ತುವ ಮೊದಲು ಒಂದು ಹಿಡಿ ಹೊಟ್ಟು ಬೀಳಿಸಿ, ಅದು ಯಾವ ಕಡೆ ಹಾರುತ್ತದೆ ಅಂತ ನೋಡುತ್ತಾರೆ. ಹದಿನೈದು ವರ್ಷದ ಹಿಂದೆ ನಾನು ನೋಡಲಿಲ್ಲ. ಕರಾವಳಿಯ ಒಂದು ಬೀಚ್, ಡಿಸೆಂಬರ್ ಬೆಳಿಗ್ಗೆ ಏಳು ಗಂಟೆ. ನೀರು ಗಾಜಿನ ಹಾಗೆ, ಹಿತವಾದ ತಂಗಾಳಿ. ಬೋರ್ಡ್ ಕೊಟ್ಟವರು ಚಹಾ ಕುಡಿಯುತ್ತಾ "ಹೋಗಿ ಬನ್ನಿ" ಅಂದರು. ಅದು ನೆಲದಿಂದ ಸಮುದ್ರಕ್ಕೆ ಬೀಸುವ ಗಾಳಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಚಳಿಗಾಲದ ಬೆಳಿಗ್ಗೆ ಹಾಗೇ ಇರುತ್ತದೆ, ದಡದ ಹತ್ತಿರ ಮರಗಳ ಮರೆಯಲ್ಲಿ ಮೆಲ್ಲಗೆ, ಒಳಗೆ ಹೋದಷ್ಟೂ ಜೋರು. ಹೋಗುವಾಗ ಎಷ್ಟು ಚೆನ್ನಾಗಿ ಹೋದೆ ಅಂದರೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ತಿರುಗಿ ನೋಡಿದರೆ ತೆಂಗಿನ ಮರಗಳು ಕಡ್ಡಿಗಳಷ್ಟಾಗಿದ್ದವು. ನಾಲ್ಕು ಸಲ ಬಿದ್ದ ಮೇಲೆ ಸೇಲ್ ಎತ್ತುವ ಶಕ್ತಿ ಇರಲಿಲ್ಲ. ಬಲೆ ಎಳೆದು ವಾಪಸಾಗುತ್ತಿದ್ದ ಒಂದು ದೋಣಿಯವರು ನನ್ನನ್ನೂ ಬೋರ್ಡನ್ನೂ ಹತ್ತಿಸಿಕೊಂಡರು. ಬೈಯಲಿಲ್ಲ. ಅವರಲ್ಲಿ ಹಿರಿಯರೊಬ್ಬರು "ಬೆಳಗಿನ ಗಾಳಿ ಹೊರಗೆ ಒಯ್ಯುತ್ತದೆ ಅಲ್ವಾ ತಂಗಿ" ಅಂತ ಮಾತ್ರ ಅಂದು, ಉಟ್ಟ ಬಟ್ಟೆಯಿಂದ ನೀರು ಸುರಿಯುತ್ತಿದ್ದ ನನಗೆ ಮೀನಿನ ಬುಟ್ಟಿಗಳ ನಡುವೆ ಜಾಗ ಮಾಡಿಕೊಟ್ಟರು.

ಹಾಗಾಗಿ ಮಧ್ಯಾಹ್ನದ ಮೇಲೆ ಸಮುದ್ರದಿಂದ ದಡಕ್ಕೆ ಬೀಸುವ ಗಾಳಿಯಲ್ಲೇ ಅಭ್ಯಾಸ ಮಾಡಿ, ಅದು 10 ನಾಟ್ ದಾಟುವ ಮೊದಲು. ಜೀವರಕ್ಷಕ ಜಾಕೆಟ್ ಇಲ್ಲದೆ ಬೇಡ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿ ಬೇಡವೇ ಬೇಡ. ರಾಮೇಶ್ವರಂ ಕಡೆ ಎರಡೂ ಮಾನ್ಸೂನ್ ಗಾಳಿ ಚೆನ್ನಾಗಿ ಸಿಗುತ್ತದೆ, ಆದರೆ ನಿಮಗೆ ಈಗ ಜಾಸ್ತಿಯಾಯಿತು. ಸುಸ್ತಾದರೆ ಸೇಲನ್ನು ನೀರಿಗೆ ಬಿಟ್ಟು ಬೋರ್ಡಿನ ಮೇಲೆ ಕೂತುಬಿಡಿ. ನೀರಲ್ಲಿರುವ ಸೇಲ್ ಲಂಗರಿನ ಹಾಗೆ ಜಾರುವಿಕೆಯನ್ನು ತಗ್ಗಿಸುತ್ತದೆ. ಎರಡೂ ಕೈ ಪಕ್ಕಕ್ಕೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಸಹಾಯ ಬೇಕು ಅಂತ ಅರ್ಥ. ಬೋರ್ಡ್ ಬಿಟ್ಟು ಈಜುತ್ತೇನೆ ಅಂತ ಮಾತ್ರ ಹೊರಡಬೇಡಿ. ದಡ ಕಾಣುವುದಕ್ಕಿಂತ ದೂರ ಇರುತ್ತದೆ, ದೋಣಿಯವರಿಗೆ ಬೋರ್ಡ್ ಕಂಡಷ್ಟು ಸುಲಭವಾಗಿ ನಿಮ್ಮ ತಲೆ ಕಾಣುವುದಿಲ್ಲ.

ಸ್ವಂತ ಬೋರ್ಡ್ ಈಗಲೇ ತಗೋಬೇಡಿ. ಈಗ ನಿಮಗೆ ಬೇಕಿರುವ 200 ಲೀಟರಿನ ಬೋರ್ಡ್ ಒಂದು ಸೀಸನ್ ಕಳೆದರೆ ದೊಡ್ಡದೆನಿಸುತ್ತದೆ, ಮತ್ತೆ ಅದನ್ನು ಅಪಾರ್ಟ್‌ಮೆಂಟಿನ ಯಾವ ಲಿಫ್ಟಿನಲ್ಲಿ ಹತ್ತಿಸುತ್ತೀರಿ? ಆ ದುಡ್ಡಿನಲ್ಲಿ ಒಳ್ಳೆಯ ಹೇಳಿಕೊಡುವವರ ಹತ್ತಿರ ಇನ್ನೊಂದು ಮೂರು ದಿನ ಕಲಿಯಿರಿ, ಮತ್ತೆ ಮೊದಲ ಪಾಠದಿಂದಲೇ ಶುರು ಮಾಡಿ ಅಂತ ಅವರಿಗೆ ಹೇಳಿ. ಹೋಗಿ ಬಂದ ಮೇಲೆ ಇನ್ನೊಂದು ವಿಡಿಯೋ ಕಳಿಸಿ. ಶೂಟ್ ಮಾಡುವ ಗೆಳೆಯರಿಗೆ ಒಂದು ಮಾತು: ನಗಲಿ, ಬೇಡ ಅನ್ನುವುದಿಲ್ಲ, ಆದರೆ ನಗುವಾಗ ಫೋನ್ ಅಲ್ಲಾಡಿಸಬಾರದು. ಕೊನೆಯ ಇಪ್ಪತ್ತು ಸೆಕೆಂಡಿನಲ್ಲಿ ಮೊದಲು ಮಗುಚಿದ ಬೋರ್ಡ್, ಆಮೇಲೆ ಬರೀ ಮರಳು ಮತ್ತು ಅವರ ಚಪ್ಪಲಿ ಕಾಣುತ್ತದೆ.